ಎಡಕ್ಕೆ ತಿರುಗಿದ ಬಾಣ

ಎಲ್ಲರಿಗಿಂತ ಹಿಂದೆ ಬರುವುದು ನನ್ನ ಕೆಲಸ.

ಮುಂದೆ ತಿಬೋ ಸೈಕಲ್ಲಿನಲ್ಲಿ ಹೋಗುತ್ತಾನೆ. ದಾರಿ ಕವಲೊಡೆದಲ್ಲೆಲ್ಲ ಇಳಿದು, ಜೇಬಿನಿಂದ ಸೀಮೆಸುಣ್ಣ ತೆಗೆದು, ರಸ್ತೆಯ ಮೇಲೆ ಬಾಣ ಬರೆಯುತ್ತಾನೆ. ಪ್ರವಾಸಿಗಳು ಆ ಬಾಣ ನೋಡಿಕೊಂಡು ಗುಡ್ಡ ಹತ್ತುತ್ತಾರೆ, ಇಳಿಯುತ್ತಾರೆ, ಏದುಸಿರು ಬಿಡುತ್ತ ನಮ್ಮ ಗುಡ್ಡಗಳನ್ನು ಬೈಯುತ್ತಾರೆ. ಕೊನೆಗೆ ನಾನು, ಅವರ ಬ್ಯಾಗುಗಳನ್ನು ತುಂಬಿದ ವ್ಯಾನಿನಲ್ಲಿ. ಕಾಲು ಸೋತವರನ್ನು ಹತ್ತಿಸಿಕೊಳ್ಳುತ್ತೇನೆ. ಕವಲಿನಲ್ಲಿ ನಿಲ್ಲಿಸಿ, ಒದ್ದೆ ಪೊರಕೆಯಿಂದ ಬಾಣವನ್ನು ಅಳಿಸುತ್ತೇನೆ. ಅಳಿಸದಿದ್ದರೆ ಹಳ್ಳಿಗಳ ಮೇಯರ್‌ಗಳು ನನ್ನ ಸೋದರಮಾವ ಫೆರ್ನಾನ್‌ಗೆ ಫೋನ್ ಮಾಡಿ ರೇಗುತ್ತಾರೆ. ವ್ಯಾನು, ಸೈಕಲ್ಲು, ಪ್ರವಾಸದ ವ್ಯವಹಾರ ಎಲ್ಲವೂ ಮಾವನದೇ.

ಮಾತು ಕಡಿಮೆ ಇರುವವಳಿಗೆ ಹೇಳಿ ಮಾಡಿಸಿದ ಕೆಲಸ. ಅಮ್ಮನಿಗೆ ಕಾಯಿಲೆ ಬಂದಾಗ ಶಾಲೆ ಬಿಟ್ಟಿದ್ದೆ. ಹೋದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಮಾವ ವ್ಯಾನಿನ ಕೀಲಿ ಕೈಗಿಟ್ಟು, "ಮನೇಲಿ ಕೂರಬೇಡ ಸೊಲೆನ್, ಓಡಿಸು" ಎಂದರು. ಓಡಿಸುತ್ತಿದ್ದೇನೆ.

ಹಲ್ಲು ಕೀಳುವ ಮೊದಲು ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ನಮ್ಮದಲ್ಲದಂತೆ ಇರುತ್ತದಲ್ಲ, ಇಡೀ ವರ್ಷ ನಾನು ಹಾಗೇ ಇದ್ದೆ. ನೋವಿರಲಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಕಾಣುತ್ತಿತ್ತು.

ತಿಬೋನೂ ಕಾಣುತ್ತಿದ್ದ. ಪೂರ್ವದ ಬೆಟ್ಟಗಳ ಕಡೆಯವನು, ವಸಂತದಲ್ಲಿ ಕೆಲಸಕ್ಕೆ ಬಂದವನು. ಬೆಳಿಗ್ಗೆ ಎದುರಾದಾಗ ಕೆನ್ನೆಗೆ ಕೆನ್ನೆ ತಾಗಿಸುವಾಗ ನಾವು ಒಂದು ಕಡೆಯಿಂದ ಶುರು ಮಾಡಿದರೆ, ಅವನ ಊರಿನವರು ಇನ್ನೊಂದು ಕಡೆಯಿಂದ. ದಿನವೂ ನಮ್ಮಿಬ್ಬರ ಮೂಗುಗಳು ನಡುವೆ ಡಿಕ್ಕಿಯಾಗುತ್ತಿದ್ದವು.

"ನೀನು ಬದಲಾಯಿಸ್ಕೋಬೇಕು. ಇದು ನಮ್ಮೂರು" ಎಂದಿದ್ದೆ ಒಮ್ಮೆ.

"ಬದಲಾಯಿಸ್ಕೊಂಡ್ರೆ ಮೂಗು ತಾಗಲ್ವಲ್ಲ" ಎಂದಿದ್ದ.

ಆ ಮಾತಿಗೆ ನಾಚಬೇಕಿತ್ತು. ನಾಚಿಕೆ ಬರಲಿಲ್ಲ. ಅವನ ಹುಬ್ಬಿನ ಮೇಲೆ ಬಿಳಿ ಸೀಮೆಸುಣ್ಣದ ಪುಡಿ ಅಂಟಿದ್ದನ್ನು ನೋಡಿದೆ, ಅಷ್ಟೆ.

*

ಅಕ್ಟೋಬರಿನ ಕೊನೆಯ ಪ್ರವಾಸ. ಉತ್ತರದ ಲಿಲ್ ಕಡೆಯಿಂದ ಬಂದ ಚಿಕ್ಕ ತಂಡ. ಕೊನೆಯ ದಿನ ಮಧ್ಯಾಹ್ನ, ಗುಡ್ಡದ ನೆತ್ತಿಗೆ ಅಂಟಿಕೊಂಡ ಹಳೆಯ ಹಳ್ಳಿಯೊಂದರಲ್ಲಿ, ಸಂತೆಕಟ್ಟೆಯ ಮರದ ಚಾವಣಿಯ ಕೆಳಗೆ ಊಟ ಹರಡಿದೆ. ತಿಬೋ ಮೇಕೆಹಾಲಿನ ಚೀಸನ್ನು ಚಾಕುವಿನ ತುದಿಯಲ್ಲಿ ನನ್ನತ್ತ ಚಾಚಿದ.

"ನೀನು ನಕ್ಕಿದ್ದನ್ನ ನಾನಿನ್ನೂ ನೋಡಿಲ್ಲ, ಸೊಲೆನ್."

"ಚಳಿಗಾಲ ಮುಗೀಲಿ."

"ಇನ್ನೂ ಶುರುವೇ ಆಗಿಲ್ವಲ್ಲೇ."

"ಹಾಗಾದ್ರೆ ಕಾಯಬೇಕು."

"ಕಾಯೋಕೆ ನಾನಿಲ್ಲಿ ಇರಬೇಕಲ್ಲ." ಚಾಕುವನ್ನು ಪ್ಯಾಂಟಿಗೆ ಒರೆಸಿಕೊಂಡ. "ನಿಮ್ಮ ಮಾವ ಚಳಿಗಾಲಕ್ಕೂ ಇಲ್ಲೇ ಇರು, ಶೆಡ್ಡಿನಲ್ಲಿ ಸೈಕಲ್ ರಿಪೇರಿ ಮಾಡು ಅಂತಾರೆ. ಅಣ್ಣ ಬೆಟ್ಟಕ್ಕೆ ಬಾ, ಹಿಮದಲ್ಲಿ ಕೆಲಸ ಇದೆ ಅಂತಾನೆ. ಅಲ್ಲಿಗೆ ಹೋದ್ರೆ ವಾಪಸ್ ಬರೋದು ಕಷ್ಟ. ನಾಳೆ ರೈಲು. ಏನು ಮಾಡ್ಲಿ?"

ಬೂದು ಬಣ್ಣದ ಕಣ್ಣುಗಳು ನನ್ನ ಮುಖದ ಮೇಲೆ ಏನನ್ನೋ ಹುಡುಕಿದವು. ಬಾಗಿಲು ತಟ್ಟಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಕಿವಿಗೊಡುವವನ ಹಾಗೆ.

"ನಿನ್ನಿಷ್ಟ" ಎಂದೆ.

ಅವನು ತಲೆಯಾಡಿಸಿದ. ಹೆಲ್ಮೆಟ್ ಹಾಕಿಕೊಂಡು ಎಲ್ಲರಿಗಿಂತ ಮೊದಲು ಹೊರಟುಹೋದ.

ಊಟದ ನಂತರ ಮದಾಮ್ ರೊಸೆಲ್ ಸೈಕಲ್ ಬಿಟ್ಟು ವ್ಯಾನ್ ಹತ್ತಿದರು. ನಿವೃತ್ತ ದಾದಿ, ದಪ್ಪ ಹೆಂಗಸು. ಅವರ ಗಂಡ ಮಾತ್ರ ಕಡ್ಡಿಯಂಥ ಕಾಲುಗಳಲ್ಲಿ ತುಳಿಯುತ್ತಲೇ ಇದ್ದರು.

"ನೋಡು ಅವರನ್ನ" ಎಂದರು ಮದಾಮ್ ಕಿಟಕಿಯಿಂದ. "ಮನೇಲಿ ಕಸದ ಬುಟ್ಟಿ ಹೊರಗಿಡು ಅಂದ್ರೆ ಮಂಡಿನೋವು. ಇಲ್ಲಿ ಗುಡ್ಡ ಹತ್ತುತಾರೆ."

ನಾನು ಗೇರ್ ಬದಲಾಯಿಸಿದೆ.

"ಆ ಹುಡುಗ ನಾಳೆ ಹೊರಡ್ತಾನಂತಲ್ಲ ಮಗಳೇ. ನಿನಗೇನೂ ಅನ್ಸಲ್ವಾ?"

"ಅನ್ನಿಸ್ಬೇಕು" ಎಂದೆ.

ಅವರು ನನ್ನನ್ನು ಓರೆಗಣ್ಣಿನಿಂದ ನೋಡಿದರು.

ಓಕ್ ಕಾಡು ಮುಗಿಯುವಲ್ಲಿ ಒಂದು ಕವಲು. ಬಲಕ್ಕೆ ಹೋದರೆ ಕಣಿವೆ, ನದಿ, ನಮ್ಮ ರಾತ್ರಿಯ ಹೋಟೆಲ್. ಎಡಕ್ಕೆ ಕಲ್ಲು ತುಂಬಿದ ಕಿರುದಾರಿ. ಅದು ಪಾಳುಬಿದ್ದ ಪುಟ್ಟ ಚರ್ಚೊಂದಕ್ಕೆ ಹೋಗಿ ಅಲ್ಲೇ ಮುಗಿಯುತ್ತದೆ. ರಸ್ತೆಯ ನಡುವೆ ಬಲಕ್ಕೆ ದೊಡ್ಡ ಬಾಣವಿತ್ತು. ಪ್ರವಾಸಿಗಳು ಅದನ್ನು ಹಿಡಿದು ಇಳಿದುಹೋಗಿದ್ದರು. ರಸ್ತೆಯ ಅಂಚಿನಲ್ಲಿ, ಹುಲ್ಲಿಗೆ ತಾಗಿದಂತೆ, ಎಡಕ್ಕೆ ಇನ್ನೊಂದು ಬಾಣ. ಚಿಕ್ಕದು.

ತಿಬೋ ಮೊದಲು ಎಡಕ್ಕೆ ಬರೆದಿರಬೇಕು, ಆಮೇಲೆ ತಪ್ಪು ಗೊತ್ತಾಗಿ ಬಲಕ್ಕೆ ಬರೆದಿರಬೇಕು. ಹಳೆಯದನ್ನು ಅಳಿಸಲು ಮರೆತಿದ್ದಾನೆ. ಪೊರಕೆ ಅದ್ದಿ ಎರಡನ್ನೂ ಅಳಿಸಿದೆ. ಚಿಕ್ಕದು ಬೇಗ ಹೋಯಿತು.

*

ಪ್ರವಾಸಿಗಳೆಲ್ಲ ಸ್ನಾನ ಮಾಡಿ ವೈನ್ ಹಿಡಿದು ಕೂತರೂ ತಿಬೋ ಬಂದಿರಲಿಲ್ಲ. ಕಣಿವೆಯಲ್ಲಿ ಬಿಸಿಲು ಆರಿದ ಮೇಲೆ ಬಂದ. ತುಟಿ ನೀಲಿಗಟ್ಟಿತ್ತು. ನಾನು ಅಂಗಳದಲ್ಲಿ ವ್ಯಾನಿನ ಕಸ ಗುಡಿಸುತ್ತಿದ್ದೆ.

"ವ್ಯಾನು ಕೆಟ್ಟಿತ್ತಾ?" ಎಂದ.

"ಇಲ್ಲ."

"ಮದಾಮ್‌ಗೆ ಹುಷಾರಿಲ್ವಾ?"

"ಚೆನ್ನಾಗಿದಾರೆ. ಒಳಗೆ ಹಾಡ್ತಿದಾರೆ, ಕೇಳಿಸಲ್ವಾ?"

ಸೈಕಲ್ಲಿನಿಂದ ಇಳಿದು ಹ್ಯಾಂಡಲ್ ಹಿಡಿದುಕೊಂಡ.

"ಕಾಡು ಮುಗಿಯೋ ಕಡೆ ಒಂದು ಬಾಣ ಇತ್ತು" ಎಂದ.

"ಹೌದು, ಎಡಕ್ಕೆ. ತಪ್ಪು ಬಾಣ ಅಲ್ವಾ, ಅಳಿಸ್ದೆ."

ಅವನು ನನ್ನನ್ನು ನೋಡಿದ. ಮಧ್ಯಾಹ್ನದ ಹುಡುಕುವ ನೋಟ ಅದಾಗಿರಲಿಲ್ಲ. ಹುಡುಕಿ ಮುಗಿಸಿ, ಬಾಗಿಲೆಳೆದುಕೊಂಡು ಹೊರಟವನ ನೋಟ.

"ಸರಿ. ತಪ್ಪಿದ್ರೆ ಅಳಿಸ್ಬೇಕಾದ್ದೇ" ಎಂದು ಸೈಕಲ್ ತಳ್ಳಿಕೊಂಡು ಒಳಗೆ ಹೋದ. ಊಟಕ್ಕೆ ಮೇಜಿನ ಆ ತುದಿಯಲ್ಲಿ ಕೂತ. ಎಲ್ಲರನ್ನೂ ನಗಿಸಿದ. ನನ್ನತ್ತ ಉಪ್ಪಿನ ಡಬ್ಬಿ ದಾಟಿಸುವಾಗಲೂ ತಲೆ ಎತ್ತಲಿಲ್ಲ.

ನಾನು ಎಲ್ಲವನ್ನೂ ಗಮನಿಸುವವಳು. ಯಾರ ಚಕ್ರದಲ್ಲಿ ಗಾಳಿ ಕಡಿಮೆ, ಯಾರು ಗಂಡನ ಮೇಲೆ ಮುನಿಸಿಕೊಂಡಿದ್ದಾರೆ, ಯಾರು ಗುಟ್ಟಾಗಿ ಸಿಗರೇಟು ಸೇದುತ್ತಾರೆ, ಎಲ್ಲ ಗೊತ್ತು. ನನ್ನ ಮುಂದೆಯೇ ಬರೆದಿಟ್ಟದ್ದು ಮಾತ್ರ ಗೊತ್ತಾಗಿರಲಿಲ್ಲ. ಮರುದಿನ ಬೆಳಿಗ್ಗೆ ಕಾಫಿಯ ಬಟ್ಟಲಿನಲ್ಲಿ ಬ್ರೆಡ್ ಅದ್ದುತ್ತ ಮದಾಮ್ ರೊಸೆಲ್ ಅದನ್ನು ಹೇಳಬೇಕಾಯಿತು.

"ನಮ್ಮ ಯಜಮಾನರು ನಿನ್ನೆ ದಾರಿ ತಪ್ಪಿ ಚರ್ಚಿನ ಕಡೆ ಹೋಗಿದ್ರು. ಆ ಹುಡುಗ ಅಲ್ಲಿ ಕಟ್ಟೆ ಮೇಲೆ ಕೂತಿದ್ನಂತೆ. ಬಟ್ಟೆ ಹಾಸಿ, ಎರಡು ಲೋಟ ಇಟ್ಕೊಂಡು. ಇವರು ತಮಗೇ ಅಂದ್ಕೊಂಡು ಕೂರೋಕೆ ಹೋದ್ರೆ, ನೀವು ಬಲಕ್ಕೆ ಹೋಗಬೇಕಿತ್ತು ಸಾರ್ ಅಂತ ವಾಪಸ್ ಕಳಿಸಿದ್ನಂತೆ."

"ತಿಬೋ ಬಾಣ ತಪ್ಪಾಗಿ ಬರೆದಿದ್ದ" ಎಂದೆ.

"ವಸಂತದಿಂದ ಎಷ್ಟು ತಪ್ಪು ಬರೆದಿದಾನೆ?"

ಯೋಚಿಸಿದೆ. ಒಂದೂ ಇರಲಿಲ್ಲ.

"ಎಲ್ಲರಿಗಿಂತ ಕೊನೇಗೆ ಆ ದಾರೀಲಿ ಬರೋರು ಯಾರು ಮಗಳೇ?"

ಕಾಫಿ ಬಟ್ಟಲನ್ನು ಕೆಳಗಿಟ್ಟೆ. ಅಳು ಬರಲಿಲ್ಲ, ಎದೆಯೂ ಹೊಡೆದುಕೊಳ್ಳಲಿಲ್ಲ. ಹಿಂದಿನ ಸಂಜೆ ಅವನ ತುಟಿ ನೀಲಿಯಾಗಿದ್ದದ್ದು ಕಣ್ಣ ಮುಂದೆ ನಿಂತಿತು, ಅಲ್ಲಿಂದ ಅಲುಗಲಿಲ್ಲ. ಅವನು ಕರೆದಿದ್ದ. ನಾನು ಪೊರಕೆ ಹಿಡಿದು ಬೇಡವೆಂದಿದ್ದೆ. ಅವನ ಪಾಲಿಗೆ ಅದು ಅಷ್ಟೇ.

*

ಕಪ್ದನಾಕ್ ಸ್ಟೇಷನ್ನಿನಲ್ಲಿ ಬ್ಯಾಗುಗಳನ್ನೆಲ್ಲ ಇಳಿಸಿದೆ. ಪ್ರವಾಸಿಗಳು ಸಾಲಾಗಿ ಬಂದು ಕೆನ್ನೆ ತಾಗಿಸಿ ಬೀಳ್ಕೊಂಡರು. ಮದಾಮ್ ರೊಸೆಲ್ ನನ್ನ ಬೆನ್ನನ್ನು ಒಮ್ಮೆ ಜೋರಾಗಿ ತಟ್ಟಿ, ರೈಲಿನ ಮೂರನೇ ಬಾಗಿಲ ಕಡೆ ಗದ್ದದಿಂದ ತೋರಿಸಿ ಹತ್ತಿದರು.

ತಿಬೋ ತನ್ನ ಸೈಕಲ್ಲನ್ನು ಒಳಗೆ ಕೊಕ್ಕೆಗೆ ತೂಗುಹಾಕುತ್ತಿದ್ದ. ನಾನು ಬಾಗಿಲ ಬಳಿ ಹೋಗಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ.

"ಬ್ಯಾಗು ಯಾರದಾದ್ರೂ ಉಳಿದಿದೆಯಾ?" ಎಂದ ಅವನು.

"ಇಲ್ಲ. ಆ ಬಾಣ ತಪ್ಪು ಅಂದ್ಕೊಂಡಿದ್ದೆ."

"ಗೊತ್ತು. ನಿನ್ನೆನೇ ಹೇಳಿದೀಯ."

"ಅದಲ್ಲ. ನೀನು ತಪ್ಪಾಗಿ ಬರೆದಿದೀಯ ಅಂದ್ಕೊಂಡೆ. ನನಗೆ ಅಂತ ಗೊತ್ತಾಗ್ಲಿಲ್ಲ. ರಸ್ತೆ ಮೇಲೆ ಬರೆಯೋದೆಲ್ಲ ಅವರಿಗಲ್ವಾ. ನಾನು ಅಳಿಸೋಳು."

ಅವನು ಒಂದು ಮೆಟ್ಟಿಲು ಇಳಿದ.

"ಗೊತ್ತಾಗಿದ್ರೆ ಬರ್ತಿದ್ಯಾ?"

ಸುಳ್ಳು ಹೇಳಬಹುದಿತ್ತು. ಚೆಂದದ ಸುಳ್ಳುಗಳು ಹೇಗಿರುತ್ತವೆಂದು ನನಗೂ ಗೊತ್ತು.

"ಬರ್ತಿದ್ದೆ. ಬಂದು ಕಲ್ಲಿನ ಹಾಗೆ ಕೂತಿರ್ತಿದ್ದೆ. ಅಮ್ಮ ಹೋದ ಮೇಲೆ ನನಗೆ ಏನೂ ಅನ್ನಿಸ್ತಾ ಇಲ್ಲ ತಿಬೋ. ನೀನು ಹೋದ್ರೂ ಬಹುಶಃ ಅಳಲ್ಲ. ಮನೆಗೆ ಹೋಗಿ ವ್ಯಾನು ತೊಳೀತೀನಿ."

"ಇದನ್ನ ಹೇಳೋಕೆ ಬಂದ್ಯಾ?"

"ಇಲ್ಲ. ಹೋಗಬೇಡ ಅಂತ ಹೇಳೋಕೆ ಬಂದೆ."

ಅವನು ಇನ್ನೊಂದು ಮೆಟ್ಟಿಲು ಇಳಿದು ಪ್ಲಾಟ್‌ಫಾರ್ಮಿನ ಮೇಲೆ, ನನ್ನೆದುರಿಗೆ ನಿಂತ.

"ಏನೂ ಅನ್ನಿಸಲ್ಲ ಅಂದೆ."

"ಹೂಂ. ಆದ್ರೂ ಹೋಗಬೇಡ."

"ಯಾವಾಗ ಅನ್ನಿಸುತ್ತೆ?"

"ಗೊತ್ತಿಲ್ಲ. ಮಾತು ಕೊಡೋಕಾಗಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಹಿಂದೆ ಬಾಗಿಲುಗಳು ಉಸಿರು ಬಿಟ್ಟಂತೆ ಮುಚ್ಚಿಕೊಂಡವು. ರೈಲು ಅಲುಗಿತು. ಗಾಜಿನಾಚೆ ಅವನ ಸೈಕಲ್ಲು ಕೊಕ್ಕೆಯಲ್ಲಿ ನೇತಾಡುತ್ತ ನಮ್ಮೆದುರು ಹಾದುಹೋಯಿತು. ಅದರ ಹಿಂದೆಯೇ ಮದಾಮ್ ರೊಸೆಲ್. ಒಂದು ಕೈಯಲ್ಲಿ ಸೈಕಲ್ಲಿನ ಕಡೆ ತೋರಿಸುತ್ತ, ಇನ್ನೊಂದರಲ್ಲಿ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು.

ತಿಬೋ ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟ. "ನನ್ನ ಬಟ್ಟೆಬರೆ ಎಲ್ಲಾ ಆ ಸೈಕಲ್ಲಿನ ಚೀಲದಲ್ಲೇ ಇದೆ" ಎಂದ.

"ಫೋನು?"

ಜೇಬು ಮುಟ್ಟಿಕೊಂಡ. ಇತ್ತು. ಮದಾಮ್ ಅವರ ಗಂಡನಿಗೆ ಫೋನ್ ಮಾಡಿದ. ಅವರು ಬ್ರೀವ್‌ನಲ್ಲಿ ಹೇಗೂ ರೈಲು ಬದಲಿಸಬೇಕು, ಸೈಕಲ್ ಇಳಿಸಿ ಸ್ಟೇಷನ್ನಿನವರ ಕೈಗೆ ಕೊಡುತ್ತಾರಂತೆ. ಫೋನಿನಿಂದ ಮದಾಮ್ ದನಿ ನನಗೂ ಕೇಳಿಸಿತು: "ಅವಸರ ಇಲ್ಲ ಅಂತ ಹೇಳ್ರೀ. ನಿಧಾನಕ್ಕೆ ಬರ್ಲಿ."

ವ್ಯಾನಿನಲ್ಲಿ ಅವನು ನನ್ನ ಪಕ್ಕ ಕೂತ. ಕಾಲು ಇಡಲು ಜಾಗ ಸಾಲದೆ ಮೊಣಕಾಲುಗಳನ್ನು ಎದೆಯವರೆಗೆ ಮಡಚಿದ. ಇಷ್ಟು ದಿನ ಅವನ ಬೆನ್ನು ಮಾತ್ರ, ಅದೂ ದೂರದ ತಿರುವುಗಳಲ್ಲಿ, ನನಗೆ ಕಾಣುತ್ತಿದ್ದದ್ದು.

"ಅಣ್ಣನಿಗೆ ಏನು ಹೇಳ್ತೀಯ?" ಎಂದೆ.

"ರೈಲು ತಪ್ಪಿತು ಅಂತ."

"ಬೈತಾನೆ."

"ಬೈಲಿ."

ಬ್ರೀವ್‌ಗೆ ಬೇಗ ತಲುಪಿಸುವ ಹೆದ್ದಾರಿಯ ಫಲಕ ಬಂತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ನಾನು ಅದನ್ನು ದಾಟಿ ಗುಡ್ಡದ ರಸ್ತೆ ಹಿಡಿದೆ. ವಾಲ್ನಟ್ ತೋಪುಗಳು, ಕಲ್ಲಿನ ಗೋಡೆಗಳು, ಮೇಲೊಂದು ಹಳ್ಳಿ. ಏರಿನಲ್ಲಿ ಗೇರ್ ಇಳಿಸುವಾಗ ಅವನ ಕೈ ನನ್ನ ಕೈಯ ಮೇಲೆ ಬಂದು ಕೂತಿತು.

"ಎಷ್ಟು ತಣ್ಣಗಿದೆ" ಎಂದ.

"ನಿಂದು ಬೆಚ್ಚಗಿದೆ" ಎಂದೆ.

ಬಾಯಿಮಾತಿಗೆ ಹೇಳಿದ್ದಲ್ಲ. ನಿಜವಾಗಿಯೂ ಬೆಚ್ಚಗಿತ್ತು. ಮುಂದಿನ ತಿರುವಿನಲ್ಲಿ ಗೇರ್ ಬದಲಿಸಬೇಕಿತ್ತು, ಬದಲಿಸಲಿಲ್ಲ. ಎಂಜಿನ್ ಗೊರಗೊರ ಸದ್ದು ಮಾಡುತ್ತ ಮೆಲ್ಲಗೆ ಏರಿತು.