ಎಲ್ಲಿ ಬಿಗಿ, ಹೇಳಿ

ಕಟಿಂಗ್ ಟೇಬಲ್ಲಿನ ಕೆಳಗೆ ಬಟ್ಟೆ ಚೂರುಗಳ ನಡುವೆ ಕೂತಿದ್ದ ಪಿಟೀಲು ಉಸಿರು ಬಿಗಿಹಿಡಿದಳು. ಒಳಗೆ ಅಮ್ಮ ಮತ್ತು ದೊಡ್ಡಮ್ಮ ಪಿಸುಗುಡುತ್ತಿದ್ದರು.

“ಹಾಗಾದ್ರೆ ಇನ್ಮೇಲೆ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದೇ ಇಲ್ವಾ?” ದೊಡ್ಡಮ್ಮನ ದನಿ. ಅವರಿಬ್ಬರ ಅಪ್ಪ ಎಂದರೆ ಪಿಟೀಲಿನ ತಾತ.

“ಇಲ್ಲ ಅಕ್ಕ. ಹಾಸ್ಪಿಸ್ ಅಂತ ಆರೈಕೆ ಸಂಸ್ಥೆ ಇದೆ, ಅಲ್ಲಿನ ಸಿಸ್ಟರ್ ಮನೆಗೇ ಬಂದು ನೋಡ್ಕೊಳ್ತಾರೆ.”

“ಮತ್ತೆ ದುಡ್ಡು?”

“ಶ್! ಮೆಲ್ಲಗೆ. ಗೋಡೆಗೆ ಕಿವಿ ಇದೆಯೋ ಇಲ್ವೋ, ನಮ್ಮನೆ ಟೇಬಲ್ಲಿಗಂತೂ ಇದೆ.”

ಅಲ್ಲಿಗೆ ಮಾತು ನಿಂತಿತು. ಪಿಟೀಲಿನ ಅನುಮಾನ ಮಾತ್ರ ಅಲ್ಲಿಂದಲೇ ಶುರುವಾಯಿತು.

ಪಿಟೀಲು ಅನ್ನುವುದು ತಾತ ಇಟ್ಟ ಹೆಸರು. ಚಿಕ್ಕವಳಿದ್ದಾಗ ಅವಳು ಒಂದೇ ರಾಗದಲ್ಲಿ ಅಳುತ್ತಿದ್ದಳಂತೆ. ತಾತ ದರ್ಜಿ. ರಸ್ತೆಯ ಕಡೆಗಿರುವ ಮುಂದಿನ ಕೋಣೆಯೇ ಅವರ ಅಂಗಡಿ. ಕಾಲು ಮಶಿನ್ ತುಳಿಯುತ್ತಿದ್ದರೆ ಬಾಯಿ ಯಾವುದಾದರೂ ಪದ್ಯ ಹೇಳುತ್ತಿತ್ತು. ಪದ್ಯದ ಸಾಲು ಮುಗಿಯುವಾಗ ಹೊಲಿಗೆಯ ಸಾಲೂ ಮುಗಿಯುತ್ತಿತ್ತು. ಈಗ ಮಶಿನ್ನಿಗೆ ಮುಸುಕು ಹಾಕಿದ್ದರು. ಅದರ ಪಕ್ಕದಲ್ಲೇ ಅಪ್ಪ ತಾತನ ಮಂಚ ತಂದು ಹಾಕಿದ್ದರು. ರಸ್ತೆ ಕಾಣದೆ ತಾತನಿಗೆ ನಿದ್ದೆ ಬರುತ್ತಿರಲಿಲ್ಲ.

ಮಾರನೆಯ ದಿನ ಸಿಸ್ಟರ್ ಬಂದರು. ನೀಲಿ ಚೀಲ, ಸದ್ದಾಗದ ಚಪ್ಪಲಿ. ಸದ್ದಿಲ್ಲದೆ ನಡೆಯುವವರನ್ನು ನಂಬಬಾರದು ಅಂದುಕೊಂಡು ಪಿಟೀಲು ಬಾಗಿಲ ಸಂದಿಯಲ್ಲಿ ಕಣ್ಣಿಟ್ಟಳು.

ಸಿಸ್ಟರ್ ಇಂಜೆಕ್ಷನ್ ಕೊಡಲಿಲ್ಲ. ಸುಮ್ಮನೆ ಸ್ಟೂಲ್ ಎಳೆದುಕೊಂಡು ಕೂತು ಮಾತಾಡಿದರು. ಆಮೇಲೆ ತಾತನ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಹರಡಿದರು. ಕೆಲವನ್ನು ಒಂದು ಕವರಿಗೆ ಹಾಕಿ ಅಮ್ಮನಿಗೆ ಕೊಟ್ಟರು.

“ಇವು ಇನ್ನು ಬೇಡ. ನಾಳೆ ಬಂದಾಗ ನಾನೇ ವಾಪಸ್ ತಗೊಂಡು ಹೋಗ್ತೀನಿ, ಅಲ್ಲಿವರೆಗೆ ಎತ್ತಿಟ್ಟಿರಿ.”

ಬೇಡವೇ? ದೊಡ್ಡ ಆಸ್ಪತ್ರೆಯ ಡಾಕ್ಟರು ಕೊಟ್ಟ ಮಾತ್ರೆ! ಒಂದು ದಿನ ತಪ್ಪಿದರೂ ಅಮ್ಮ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ಮಾತ್ರೆ! ಬದಲಿಗೆ ಸಿಸ್ಟರ್ ಒಂದು ಪುಟ್ಟ ಬಾಟಲಿ ತೆಗೆದು, ಸಿರಿಂಜಿನಲ್ಲಿ ಅಳೆದು, ಒಂದಿಷ್ಟೇ ಔಷಧಿ ತಾತನ ಬಾಯಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ತಾತ ನಿದ್ದೆ ಹೋದರು.

ಸಿಸ್ಟರ್ ಹೊರಡುವಾಗ ಪಿಟೀಲು ಅವರನ್ನು ಮೆಟ್ಟಿಲ ಮೇಲೇ ತಡೆದಳು.

“ನೀವು ದುಡ್ಡು ತಗೊಳ್ಳಲ್ವಾ?”

“ನಂಗೆ ಸಂಬಳ ಬರತ್ತೆ ಮರಿ. ಕೈಲಾದೋರು ನಮ್ಮ ಸಂಸ್ಥೆಗೆ ಕೊಡ್ತಾರೆ. ಅದ್ರಿಂದ ಆಗದೋರ ಮನೆಗೂ ನಾವು ಹೋಗ್ಬಹುದು.”

“ನಾವು ಯಾರು? ಕೈಲಾದೋರಾ, ಆಗದೋರಾ?”

ಸಿಸ್ಟರ್ ನಕ್ಕರು. “ಅದನ್ನ ನಾನು ಕೇಳೋದೂ ಇಲ್ಲ. ಕೇಳಿದ್ರೆ ಕೊಟ್ಟೋರಿಗೊಂದು ಥರ, ಕೊಡದೋರಿಗೊಂದು ಥರ ನನ್ನ ಕೈ ನಡೀಬಹುದು ನೋಡು.”

ಎಂಥ ಜಾರುವ ಉತ್ತರ! ಮರುದಿನ ಶಾಲೆಯಲ್ಲಿ ಪಕ್ಕ ಕೂರುವ ಚಶ್ಮಾ ಇದನ್ನು ಕೇಳಿ ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡ.

“ಕೇಸ್ ಕ್ಲಿಯರ್ ಕಣೇ. ದುಡ್ಡು ಖಾಲಿ, ಅದಕ್ಕೆ ಒಳ್ಳೆ ಮಾತ್ರೆ ನಿಲ್ಲಿಸಿದ್ದಾರೆ. ಪುಗಸಟ್ಟೆ ಸಿಸ್ಟರ್, ಪುಗಸಟ್ಟೆ ಔಷಧಿ. ನಿಮ್ಮ ತಾತನಿಗೆ ಪಾಪ, ಏನೂ ಗೊತ್ತಿರಲ್ಲ.”

‘ಪಾಪ, ಏನೂ ಗೊತ್ತಿರಲ್ಲ’ ಅನ್ನುವ ಮಾತು ಸಂಜೆಯವರೆಗೂ ಪಿಟೀಲಿನ ತಲೆಯೊಳಗೆ ಇಲಿಯಂತೆ ಓಡಾಡಿತು.

ಮನೆಗೆ ಬಂದಾಗ ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕವರು ಕಪಾಟಿನ ಮೇಲೇ ಇತ್ತು. ಪಿಟೀಲು ಒಂದು ಪಟ್ಟಿ ಮಾತ್ರೆಯನ್ನು ಲಂಗದ ಜೇಬಿಗೆ ಸೇರಿಸಿ, ಲೋಟದಲ್ಲಿ ನೀರು ಹಿಡಿದು ಮಂಚದ ಹತ್ತಿರ ಹೋದಳು.

“ತಾತ, ಬೇಗ ಬಾಯಿ ತೆಗಿ. ಅಮ್ಮ ಬರೋದ್ರೊಳಗೆ.”

ತಾತ ಕಣ್ಣು ತೆರೆದು ಜೇಬಿನಿಂದ ಇಣುಕುತ್ತಿದ್ದ ಮಾತ್ರೆಯ ಪಟ್ಟಿ ನೋಡಿದರು, ಅವಳನ್ನು ನೋಡಿದರು. ಮೆಲ್ಲಗೆ ಅವಳ ಕೈ ಹಿಡಿದುಕೊಂಡರು. ಕೈ ಹಗುರವಾಗಿತ್ತು, ನೂಲಿಲ್ಲದ ರೀಲಿನ ಹಾಗೆ.

“ಎಲ್ಲಿಂದ ಕದ್ದೆ, ಕಳ್ಳಿ?”

“ಅವ್ರು ನಿಂಗೆ ಹೇಳ್ದೇನೇ ನಿಲ್ಲಿಸಿಬಿಟ್ಟಿದ್ದಾರೆ ತಾತ! ದುಡ್ಡು ಉಳ್ಸೋಕೆ! ಆ ಸಿಸ್ಟರ್ ನಿಂಗೆ ಬರೀ ನಿದ್ದೆ ಔಷಧಿ ಕೊಡ್ತಾರೆ.”

“ನಿಲ್ಲಿಸಿ ಅಂದಿದ್ದು ನಾನೇ ಕಣೇ.”

ಪಿಟೀಲಿಗೆ ನಂಬಿಕೆ ಬರಲಿಲ್ಲ. ದೊಡ್ಡವರು ತಾತನಿಗೆ ಹೀಗೆ ಹೇಳಿಕೊಟ್ಟಿರಬೇಕು. “ಸುಳ್ಳು” ಅಂದಳು.

ತಾತ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡರು.

“ನಾನು ಬಟ್ಟೆ ಹೊಲಿಯೋವಾಗ ಪಕ್ಕಾ ಹೊಲಿಗೆ ಯಾವಾಗ ಹಾಕ್ತೀನಿ?”

“ಟ್ರಯಲ್ ಆದ್ಮೇಲೆ.”

“ಟ್ರಯಲ್‌ನಲ್ಲಿ ಏನ್ ಕೇಳ್ತೀನಿ?”

ಅದು ಅವಳಿಗೆ ಬಾಯಿಪಾಠ. ಕಚ್ಚಾ ಹೊಲಿಗೆಯ ಶರ್ಟು ತೊಡಿಸಿ, ಕೈ ಎತ್ತಿಸಿ, ಬಗ್ಗಿಸಿ, ತಾತ ಎಲ್ಲ ಗಿರಾಕಿಗಳಿಗೂ ಅದೇ ಕೇಳುತ್ತಿದ್ದರು. “‘ಎಲ್ಲಿ ಬಿಗಿ, ಹೇಳಿ’ ಅಂತ.”

“ಟೇಪು ನನ್ನ ಕೈಲಿದೆ, ಅಳತೆ ನಂಗೆ ಗೊತ್ತು. ಆದ್ರೂ ಯಾಕೆ ಕೇಳ್ತೀನಿ?”

“ಹಾಕ್ಕೊಂಡೋರಿಗೆ ತಾನೇ ಗೊತ್ತಾಗೋದು…” ಪಿಟೀಲಿನ ದನಿ ಸಣ್ಣಗಾಯಿತು.

“ಆ ಸಿಸ್ಟರ್ ನನ್ನ ಅದೇ ಕೇಳಿದ್ಲು. ಇಷ್ಟು ದಿನ ಯಾರೂ ಕೇಳಿರ್ಲಿಲ್ಲ. ಈ ಮಾತ್ರೆ ತಗೊಂಡ್ರೆ ಹೊಟ್ಟೆ ತೊಳೆಸತ್ತೆ, ತುತ್ತು ಇಳಿಯಲ್ಲ, ಒಂದು ಸಾಲು ಪದ್ಯ ಹೇಳೋಕೂ ಆಗಲ್ಲ ಅಂದೆ. ಇದ್ರಿಂದ ಇನ್ನು ಕಾಯಿಲೆ ವಾಸಿ ಆಗಲ್ಲ ಅಂತ ದೊಡ್ಡ ಡಾಕ್ಟರೇ ಹೇಳಿದ್ರು. ನಿಮ್ಮಮ್ಮ ಸಾಲ ಮಾಡಿಯಾದ್ರೂ ಆಸ್ಪತ್ರೆಗೆ ಸೇರಿಸ್ತೀನಿ ಅಂತ ಹಟ ಹಿಡಿದಿದ್ಲು. ಬೇಡ, ಮನೇಲಿರ್ತೀನಿ ಅಂದೆ. ಅವಳು ಒಪ್ಪೋ ಅಷ್ಟರಲ್ಲಿ ನಂಗೆ ಸಾಕಾಗಿ ಹೋಯ್ತು.”

“ವಾಸಿ ಆಗಲ್ವಾ?”

ತಾತ ಅವಳ ಕೈಯನ್ನು ಒತ್ತಿ ಹಿಡಿದರು. ಬಿಡಲಿಲ್ಲ. ಹೊರಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

“ನಂಗ್ಯಾಕೆ ಯಾರೂ ಹೇಳ್ಲಿಲ್ಲ?”

“ಪಿಟೀಲು ಶುರುವಾದ್ರೆ ನಿಲ್ಲಿಸೋರು ಯಾರು ಅಂತ ಹೆದರಿದ್ರು.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

ಆಗಲೇ ಬಾಗಿಲಲ್ಲಿ ನೀಲಿ ಚೀಲ ಕಾಣಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಿಸ್ಟರ್ ಏನೂ ಅನ್ನದಿದ್ದರೂ ಪಿಟೀಲಿನ ಕೈ ಜೇಬಿಗೆ ಹೋಯಿತು. ಮಾತ್ರೆಯ ಪಟ್ಟಿಯನ್ನು ಅವಳೇ ತೆಗೆದು ಕೊಟ್ಟಳು. ಸಿಸ್ಟರ್ ಎಣಿಸಿ ನೋಡಿದರು. ಒಂದೂ ಕಡಿಮೆಯಾಗಿರಲಿಲ್ಲ. ಸಮಾಧಾನದಿಂದ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡರು.

“ಇನ್ಮೇಲೆ ಅನುಮಾನ ಬಂದ್ರೆ ನನ್ನನ್ನೇ ಕೇಳು, ಆಯ್ತಾ? ಔಷಧಿ ಮಾತ್ರ ಮುಟ್ಬೇಡ.”

“ಆ ಬಾಟಲಿ ನಿದ್ದೆ ಔಷಧೀನಾ?” ಪಿಟೀಲು ಕೂಡಲೇ ಕೇಳಿದಳು.

“ನೋವಿನ ಔಷಧಿ. ನೋವು ಇಳಿದಿದ್ದಕ್ಕೆ ನಿದ್ದೆ ಬಂತು. ಎಷ್ಟು ದಿನದ ನಿದ್ದೆ ಬಾಕಿ ಇತ್ತು ಗೊತ್ತಾ? ಎಲ್ಲಿ ಮಾಸ್ಟ್ರೇ, ಶರ್ಟು ಬದಲಾಯ್ಸೋಣ.”

ತೋಳು ತೂರಿಸಲು ಕೈ ಎತ್ತಿದ್ದೇ ತಡ, ತಾತನ ಮುಖ ಸುಕ್ಕಾಯಿತು. ಸಿಸ್ಟರ್ ಅಲ್ಲೇ ನಿಂತರು. “ಎಲ್ಲಿ?” ಎಂದು ಕೇಳಿದರು. ತಾತ ಭುಜ ತೋರಿಸಿದರು. ಆಮೇಲೆ ಕಣ್ಣಲ್ಲೇ ಪಿಟೀಲನ್ನು ಕರೆದರು.

“ಕತ್ತರಿ ತಗೊಂಡ್ಬಾ. ಸಿಸ್ಟರ್ ಕೈಲಿರೋ ಶರ್ಟಿನ ಬೆನ್ನಿನ ನಡುಮಧ್ಯಕ್ಕೆ ಹಾಕು. ಕಾಲರಿಂದ ಕೆಳಗಿನ ತನಕ.”

“ಅಷ್ಟು ಒಳ್ಳೆ ಶರ್ಟು ತಾತ!”

“ತೊಡೋಕಾಗ್ದಿದ್ರೆ ಒಳ್ಳೇದಾಗಿ ಏನು ಬಂತು? ಹ್ಯಾಂಗರಿಗೆ ಹಾಕಿ ನಮಸ್ಕಾರ ಮಾಡ್ತೀಯಾ?”

ಸಿಸ್ಟರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಪಿಟೀಲು ಕತ್ತರಿಸಿದಳು. ತಾತ ಹೇಳುತ್ತ ಹೋದರು, ಅವಳು ಅಂಚು ಮಡಚಿದಳು, ಸೂಜಿಗೆ ದಾರ ಪೋಣಿಸಿ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿದಳು, ಕಟ್ಟಿಕೊಳ್ಳಲು ಎರಡು ಲಾಡಿ ಇಟ್ಟಳು. ಹೊಲಿಗೆ ಎಲ್ಲೆಲ್ಲೋ ಡೊಂಕಾಯಿತು. ತಾತ ಬೈಯಲಿಲ್ಲ. ಯಾವುದೋ ಪದ್ಯದ ಸಾಲು ತಡವರಿಸುತ್ತ ಹೊರಬಂತು, ಮಶಿನ್ನಿಲ್ಲದೆಯೇ.

ಶರ್ಟನ್ನು ಮುಂದಿನಿಂದ ತೊಡಿಸಿ ಸಿಸ್ಟರ್ ಬೆನ್ನ ಹಿಂದೆ ಲಾಡಿ ಕಟ್ಟಿದರು. ಕೈ ಎತ್ತಬೇಕಾಗಲೇ ಇಲ್ಲ. ಪಿಟೀಲು ತಾತನ ಮುಖದ ಹತ್ತಿರ ಬಗ್ಗಿದಳು.

“ಎಲ್ಲಿ ಬಿಗಿ, ಹೇಳಿ.”

“ಕುತ್ತಿಗೆ ಹತ್ರ. ಚೂರು.”

ಅವಳು ಮೇಲಿನ ಲಾಡಿ ಸಡಿಲಿಸಿದಳು. ತಾತ ದಿಂಬಿಗೆ ಒರಗಿ ರಸ್ತೆಯ ಕಡೆ ನೋಡಿದರು.

“ನಾಳೆ ಪಕ್ಕಾ ಹೊಲಿಗೆ ಹಾಕ್ಲಾ ತಾತ?”

“ಬೇಡ ಕಂದ. ಇಷ್ಟು ಸಾಕು.”

ಪಿಟೀಲು ಸೂಜಿಯಲ್ಲಿ ಉಳಿದಿದ್ದ ದಾರವನ್ನು ಮೆಲ್ಲಗೆ ಎಳೆದು ರೀಲಿಗೆ ಸುತ್ತಿಟ್ಟಳು. ಆಮೇಲೆ ಸಿಸ್ಟರ್ ಕೂರಲೆಂದು ಸ್ಟೂಲನ್ನು ಮಂಚದ ಹತ್ತಿರಕ್ಕೆ ಸರಿಸಿದಳು.