ಪೂವಮ್ಮನ ಎರಡು ವರದಿಗಳು

"ನನ್ನ ಅಮ್ಮನಿಗೆ ಮಾತ್ರೆ ಜಾಸ್ತಿ ತಿನ್ನಿಸಿದ್ದು ಇವಳೇ. ಬರೆದು ಕೊಡಿ ಮೇಡಂ, ಈಗಲೇ ಪೊಲೀಸರಿಗೆ ಕೊಡ್ತೇನೆ!"

ಮಂಡೆಕೋಲಿನ ಜಯಪ್ರಕಾಶ್ ಪುತ್ತೂರಿನ ನಮ್ಮ ಪ್ರಯೋಗಾಲಯದ ಮೇಜು ಗುದ್ದಿದ. ಹೆಂಡತಿ ಸುರಕ್ಷಾ ಬಾಗಿಲ ಬಳಿ ಅಳುತ್ತ ನಿಂತಿದ್ದಳು. ಅವನ ತಾಯಿ ಪೂವಮ್ಮ ಎದೆಬಡಿತ ತಪ್ಪಿ ಆಸ್ಪತ್ರೆ ಸೇರಿದ್ದರು.

ಖಿನ್ನತೆಗೆ ಅವರು ನುಂಗುತ್ತಿದ್ದ ಮದ್ದು ರಕ್ತದಲ್ಲಿ ಎಷ್ಟಿದೆಯೆಂದು ಅಳೆಯುವುದು ನಮ್ಮ ಕ್ರೊಮಾಟೋಗ್ರಫಿ ಯಂತ್ರ. ತಿಂಗಳ ಹಿಂದಿನ ವರದಿಯಲ್ಲಿ ಮದ್ದು ತೀರಾ ಕಡಿಮೆಯಿತ್ತು. ಸೊಸೆ ಮಾತ್ರೆ ಬಿಸಾಡುತ್ತಾಳೆಂದು ಮನೆಯಲ್ಲಿ ಜಗಳವಾಗಿತ್ತು. ವೈದ್ಯರು ಮಾತ್ರೆ ಹೆಚ್ಚಿಸಿದ್ದರು. ಈಗ ಆಸ್ಪತ್ರೆಯಿಂದ ಬಂದ ರಕ್ತದಲ್ಲಿ ಅದೇ ಮದ್ದು ಅಪಾಯದ ಮಟ್ಟ ದಾಟಿತ್ತು.

ಮೊದಲ ಸಲ ರಕ್ತ ತೆಗೆದವನು ನಾನೇ, ಪ್ರೇಮನಾಥ. ಹನ್ನೆರಡು ವರ್ಷದಿಂದ ಪ್ರಯೋಗಾಲಯದ ಮುಖ್ಯಸ್ಥೆ ಮೈಮೂನಾ ಮೇಡಂ ಕೈಕೆಳಗಿದ್ದೇನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಭ ನನಗೆ. ಅಂದು ಶನಿವಾರ, ಈ ಪರೀಕ್ಷೆಗೆ ಬಳಸುವ ಕೆಂಪು ಮುಚ್ಚಳದ ಕೊಳವೆ ಮುಗಿದಿತ್ತು. ಹಳದಿ ಮುಚ್ಚಳದ್ದರಲ್ಲಿ ತುಂಬಿಸಿ ಸೋಮವಾರ ಯಂತ್ರಕ್ಕೆ ಕೊಟ್ಟಿದ್ದೆ.

"ಒಂದು ದಿನವೂ ತಪ್ಪಿಸ್ಲಿಲ್ಲ, ಹೆಚ್ಚೂ ಕೊಡ್ಲಿಲ್ಲ. ಖಾಲಿ ಸ್ಟ್ರಿಪ್ ಎಲ್ಲ ಉಂಟು," ಎಂದು ಸುರಕ್ಷಾ ಚೀಲವನ್ನು ಮೇಜಿನ ಮೇಲೆ ಸುರಿದಳು. ಮೇಡಂ ಎಣಿಸಿ ವೈದ್ಯರ ಚೀಟಿಗೆ ತಾಳೆ ನೋಡಿದರು. ಲೆಕ್ಕ ಸರಿಯಾಗಿತ್ತು.

"ಮಾತ್ರೆ ಬಿಡಿಸಿ ಕೂಡಿಟ್ಟು ಒಮ್ಮೆಗೇ ಕೊಟ್ಟಿರಬಹುದಲ್ಲ?" ಎಂದೆ ನಾನು.

"ಸ್ವಲ್ಪ ಸುಮ್ಮನಿರಿ ಮಾರಾಯ್ರೆ," ಎಂದ ಮೇಡಂ ಮೂರು ದಿನ ಯಂತ್ರದ ಮುಂದೆಯೇ ಕಳೆದರು.

ನಾಲ್ಕನೆಯ ದಿನ ವೈದ್ಯರನ್ನೂ ಗಂಡಹೆಂಡತಿಯನ್ನೂ ಕರೆಸಿದರು. ಯಂತ್ರದ ಪರದೆಯಲ್ಲಿ ಗೋಪುರದಂಥ ಎರಡು ಗೆರೆಗಳಿದ್ದವು, ಒಂದು ಎತ್ತರ, ಇನ್ನೊಂದು ಗಿಡ್ಡ; ಎತ್ತರವಿದ್ದಷ್ಟು ಮದ್ದು ಹೆಚ್ಚು.

"ಒಂದೇ ರಕ್ತಕ್ಕೆ ಈ ಮದ್ದು ಬೆರೆಸಿ ಎರಡು ದಿನ ಎರಡು ಕೊಳವೆಯಲ್ಲಿ ಇಟ್ಟೆ," ಎಂದರು ಮೇಡಂ. "ಎತ್ತರದ್ದು ಕೆಂಪು ಮುಚ್ಚಳದ್ದು. ಹಳದಿ ಮುಚ್ಚಳದ ಕೊಳವೆಯ ತಳದಲ್ಲಿ ಅಂಟಿನಂಥ ಜೆಲ್ ಉಂಟು, ಅದು ಮದ್ದನ್ನು ಹೀರ್ತದೆ. ಪೂವಮ್ಮನ ಮೈಯಲ್ಲಿ ಮದ್ದು ಮೊದಲೇ ಬೇಕಾದಷ್ಟಿತ್ತು. ನಮ್ಮ ಸುಳ್ಳು ವರದಿ ನಂಬಿ ಡಾಕ್ಟ್ರು ಹೆಚ್ಚಿಸಿದ್ರು, ಚೀಟಿಯಲ್ಲಿದ್ದಷ್ಟೇ ಸುರಕ್ಷಾ ಕೊಟ್ಟಳು. ಆಸ್ಪತ್ರೆಯವರು ಕೆಂಪು ಕೊಳವೆಯಲ್ಲಿ ಕಳಿಸಿದ್ರು, ಹಾಗಾಗಿ ನಿಜ ಹೊರಗೆ ಬಂತು."

"ಹಾಗಾದ್ರೆ ಅಮ್ಮನನ್ನು ಈ ಗತಿಗೆ ತಂದದ್ದು ಯಾರು?" ಜಯಪ್ರಕಾಶನ ದನಿ ಉಡುಗಿತ್ತು.

"ಕೊಳವೆ ನೋಡದೆ ಸಹಿ ಹಾಕಿದವಳು ನಾನು. ತುಂಬಿಸಿದವರು ಅವರೇ ಹೇಳಲಿ."

ಅಯ್ಯೋ ದೇವರೇ! ಎದ್ದು ನಿಂತೆ. "ನಾನು. ನನ್ನ ತಪ್ಪಿಗೆ ನಿಮ್ಮನ್ನು ದೂರಿದೆ. ಕ್ಷಮಿಸಿ ತಂಗಿ."

ಸುರಕ್ಷಾ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಕಣ್ಣೊರೆಸಿಕೊಂಡು ವೈದ್ಯರ ಕಡೆ ತಿರುಗಿದಳು.

"ಅತ್ತೆ ನಾಳೆ ಮನೆಗೆ ಬರ್ತಾರಲ್ಲ ಡಾಕ್ಟ್ರೆ, ಇನ್ನು ಮಾತ್ರೆ ಎಷ್ಟು ಕೊಡುದು?"