ಒಬ್ಬನಿಗಾಗಿ ಒಂದು ಕಪಾಟು

ಕೇಕಿನ ಅಂಗಡಿ ತೆರೆದ ದಿನ ಮೊದಲ ತುಂಡನ್ನು ಅವಳು ಚಾಚಿದ್ದು ಬಡಗಿಗೆ. ಗೋಡೆಯ ಶೆಲ್ಫುಗಳನ್ನೆಲ್ಲ ಮಾಡಿಕೊಟ್ಟವನು ಅವನೇ. ಅವನ ಉಳಿಯ ಸದ್ದು ಕೇಳದ ದಿನ ಅವಳಿಗೆ ಹಿಟ್ಟು ಕಲಸಲೂ ಮನಸ್ಸು ಬರುತ್ತಿರಲಿಲ್ಲ.

ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ.

"ನನಗೆ ಬೇಡ."

ಅಷ್ಟೇ. ತುಂಬಿದ ಅಂಗಡಿಯಲ್ಲಿ ಅವಳ ಮುಖ ಇಷ್ಟೇ ಇಷ್ಟಾಯಿತು.

"ಹೋಗ್ಲಿ ಬಿಡೇ, ಅವನಿಗೆ ಮರದ ಹೊಟ್ಟೇ ರುಚಿ ಇರ್ಬೇಕು," ಎಂದಳು ಅಮ್ಮ.

ಅವಳಿಗೆ ನಗು ಬರಲಿಲ್ಲ. ಇಷ್ಟೊಂದು ಜಂಬವೇ...

ಜಂಬವಲ್ಲವೆಂದು ಗೊತ್ತಾದದ್ದು ಅವನ ಅಕ್ಕ ಬ್ರೆಡ್ ಕೊಳ್ಳಲು ಬಂದಾಗ. ಹಾಲು, ಬೆಣ್ಣೆ, ಮೊಸರು, ಯಾವುದು ಒಳಗೆ ಹೋದರೂ ತಮ್ಮನ ತುಟಿ ಊದಿ ಗಂಟಲು ಕಟ್ಟುತ್ತದಂತೆ. ಹೇಳಿದರೆ ಜನ 'ಒಂದು ಚೂರಿಗೆ ಏನಾಗುತ್ತೆ' ಎಂದು ಬಾಯಿಗೇ ಹಿಡಿಯುತ್ತಾರೆ. ಅದಕ್ಕೇ ಹೇಳುವುದನ್ನೇ ಬಿಟ್ಟಿದ್ದಾನಂತೆ.

ಅವಳ ಸಿಟ್ಟೆಲ್ಲ ಇಳಿದುಹೋಯಿತು.

ಮರುದಿನ ಪ್ರತಿ ಪೊಟ್ಟಣದ ಹಿಂದಿನ ಸಣ್ಣಕ್ಷರ ಓದಿ, ಎಣ್ಣೆ ಹಾಕಿ, ಬಾಳೆಹಣ್ಣಿನ ಕೇಕು ಮಾಡಿ ಅವನ ಶೆಡ್ಡಿಗೆ ಒಯ್ದಳು. ಹಾಲಿನ ಹನಿಯೂ ಇಲ್ಲವೆಂದು ಆಣೆ ಮಾಡಿದಳು. ಅವನು ಅವಳ ಮುಖವನ್ನೇ ನೋಡುತ್ತ ಒಂದು ತುತ್ತು ತಿಂದ.

ಸ್ವಲ್ಪ ಹೊತ್ತಿಗೇ ಅವನ ತುಟಿ ದಪ್ಪಗಾಯಿತು. ಉಸಿರಿನಲ್ಲಿ ಸಿಳ್ಳೆ ಕೇಳಿಸಿತು.

ಅವಳಿಗೆ ತಟ್ಟನೆ ಹೊಳೆಯಿತು. ಹಿಟ್ಟು ಸುರಿಯುವ ಮೊದಲು ಅಚ್ಚಿಗೆ ಬೆಣ್ಣೆ ಸವರುವುದು ಅವಳ ಕೈಗೆ ಅಂಟಿದ ಅಭ್ಯಾಸ. ಮನಸ್ಸು ಎಣ್ಣೆ ಅಳೆಯುತ್ತಿದ್ದಾಗ ಕೈ ತನ್ನ ಪಾಡಿಗೆ ಬೆಣ್ಣೆ ಸವರಿ ಮುಗಿಸಿತ್ತು!

ಅವನು ಸದಾ ಜೊತೆಗಿಟ್ಟುಕೊಳ್ಳುವ ಚುಚ್ಚುಮದ್ದನ್ನು ತೊಡೆಗೆ ಒತ್ತಿಕೊಂಡ. ಅವಳು ಆಂಬುಲೆನ್ಸ್ ಕರೆಸಿದಳು. ಸಂಜೆಯ ಹೊತ್ತಿಗೆ ಅವನು ಆಸ್ಪತ್ರೆಯ ಹಾಸಿಗೆಯಲ್ಲಿ ಗೆಲುವಾಗಿ ಕೂತಿದ್ದ. ಅತ್ತು ಕಣ್ಣು ಊದಿಸಿಕೊಂಡವಳು ಅವಳು. ಇದು ಅಜೀರ್ಣವಲ್ಲ, ಅಲರ್ಜಿ; ಅಚ್ಚಿಗೆ ಸವರಿದಷ್ಟು ಬೆಣ್ಣೆಯೂ ಸಾಕು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಇನ್ನು ನನ್ನ ಕೈಯಿಂದ ನೀರನ್ನಾದರೂ ಕುಡಿಯುತ್ತಾನೆಯೇ...

ಆ ವಾರ ಅಡುಗೆಕೋಣೆಯ ಒಂದು ಮೂಲೆ ಬೇರೆಯಾಯಿತು. ಬೇರೆ ಅಚ್ಚು, ಬೇರೆ ಸೌಟು, ಬೇರೆ ಬಟ್ಟೆ. ಅವನ್ನೆಲ್ಲ ಬೆಣ್ಣೆ ಕೈ ತಾಗದಂತೆ ಇಡಲು ಬಾಗಿಲಿರುವ ಕಪಾಟು ಬೇಕಿತ್ತು. ಬಡಗಿಗಳಿಗೇನೂ ಬರವಿರಲಿಲ್ಲ. ಆದರೂ ಅವಳ ಕಾಲು ಎಳೆದದ್ದು ಅದೇ ಶೆಡ್ಡಿಗೆ.

ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದಳು. ಆಮೇಲೆ ಅಳತೆ ಹೇಳಿದಳು.

"ಇಷ್ಟು ಭದ್ರವಾಗಿ ಯಾರಿಗೆ?"

"ಹಾಲು ಆಗ್ದೇ ಇರೋರಿಗೆ."

"ಅಂಥ ಗಿರಾಕಿಗಳು ಎಷ್ಟು ಜನ ಇದಾರೆ?"

"ಒಬ್ರು ಸಾಕು."

ಅವನು ಉಳಿಯನ್ನು ಕೆಳಗಿಟ್ಟ.

"ಹಾಗಾದ್ರೆ ಎರಡು ಮಾಡ್ತೀನಿ," ಎಂದ. "ಇನ್ನೊಂದು ನಮ್ಮನೆ ಅಡುಗೆಮನೆಗೆ. ನೀವು ಅಲ್ಲಿಗೆ ಬರೋದಾದ್ರೆ."

ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಹತ್ತಿರ ಬಂದ, ತುಟಿಗೆ ತುಟಿ ತಾಗುವಷ್ಟು ಹತ್ತಿರ... ಅಲ್ಲೇ ತಡೆದು ನಿಂತ.

"ಇದೊಂದು ಕೇಳ್ಲೇಬೇಕು. ಬೆಳಗ್ಗೆಯಿಂದ ಏನೇನು ತಿಂದೆ?"

"ಒಂದು ಸೇಬು. ಕರಿ ಚಹಾ." ಅವಳ ಕೆನ್ನೆ ಕೆಂಪೇರಿತು. "ಕೆನೆ ರುಚಿ ನೋಡೋ ಕೆಲ್ಸ ಈ ವಾರ ಪೂರ್ತಿ ಅಮ್ಮಂದು."

"ಅಂದ್ರೆ... ವಾರದಿಂದಲೇ ಯೋಚ್ನೆ ಇತ್ತಾ?"

"ಸುಮ್ನಿರು," ಎಂದು ಅವಳು ನಕ್ಕು ಕಣ್ಣು ಮುಚ್ಚಿಕೊಂಡಳು.